ತಾಳೆಗರಿಯೂ ತಾಳೆ ನೋಡುವ ಕೆಲಸವೂ

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಇತಿಹಾಸದ ಹುಚ್ಚು ಇರುವವರು. ಹಳೆಯ ಸಂಶೋಧನಾ ಗ್ರಂಥಾಲಯವೊಂದಕ್ಕೆ ಹೋಗಿ "ಸಂಬಳ ಬೇಡ, ಕೆಲಸ ಕೊಡಿ" ಎಂದರಂತೆ. ಕೊಟ್ಟರು. ಮೂರು ತಿಂಗಳಿಂದ ಹಳೇ ರಿಜಿಸ್ಟರ್ ಹಿಡಿದು ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತಾಳೆ ನೋಡುವುದೇ ಕೆಲಸ. ರಿಜಿಸ್ಟರಿನಲ್ಲಿ ಇದ್ದು ಕಪಾಟಿನಲ್ಲಿ ಇಲ್ಲದ ಪುಸ್ತಕಗಳು ಇದುವರೆಗೆ 41. ಓಲೆಗರಿಯ ಕೋಣೆಗೆ ಮಾತ್ರ ಬಿಟ್ಟಿಲ್ಲ. "ಇದು ಬರೀ ಗುಮಾಸ್ತಿಕೆ ಅಲ್ವಾ? ಹಳೆ ಲಿಪಿ ಬರುವುದಿಲ್ಲ ಅಂತ ನನ್ನನ್ನು ಹೊರಗೇ ಕೂರಿಸಿದ್ದಾರಾ? ಮುಂದುವರಿಸಲೋ, ಬಿಡಲೋ?" ಎಂದು ಕೇಳಿದ್ದಾರೆ.

ನಮಸ್ಕಾರ ಸರ್. ಬಿಡಬೇಡಿ.

ಗುಮಾಸ್ತಿಕೆ ಎಂದಿರಿ, ಒಪ್ಪಿದೆ. ಆದರೆ ಸಂಜೆ ಕ್ಯಾಷ್ ತಾಳೆ ಆಗದೆ ನೀವು ಎಂದಾದರೂ ಬ್ಯಾಂಕಿನಿಂದ ಮನೆಗೆ ಹೋಗಿದ್ದೀರಾ? ಗ್ರಂಥಾಲಯಗಳಲ್ಲಿ ಆ ಲೆಕ್ಕ ತಾಳೆ ಆಗದೆ ಎಷ್ಟೋ ವರ್ಷ ಕಳೆದಿರುತ್ತವೆ. ಪಂಡಿತರು ಬರುತ್ತಾರೆ, ತಮಗೆ ಬೇಕಾದ ಒಂದು ಪುಸ್ತಕ ಕೇಳುತ್ತಾರೆ, ಸಿಕ್ಕರೆ ಓದುತ್ತಾರೆ, ಹೋಗುತ್ತಾರೆ. ಸಾಲಾಗಿ ಎಲ್ಲವನ್ನೂ ನೋಡುವ ತಾಳ್ಮೆ ಇರುವವರು ಕಡಿಮೆ.

ಮೈಸೂರಿನ ಕತೆ ನಿಮಗೆ ಗೊತ್ತೇ ಇರುತ್ತದೆ. 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಒಂದು ಓಲೆಕಟ್ಟು ಅಲ್ಲಿ ಇತ್ತು. ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಎಂಬ ಲಿಪಿಯಲ್ಲಿತ್ತು. 1905ರಲ್ಲಿ ಅಲ್ಲಿನ ಗ್ರಂಥಪಾಲಕ ಆರ್. ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದರು. 1909ರಲ್ಲಿ ಅಚ್ಚು ಹಾಕಿಸಿದರು. ನಾವೆಲ್ಲ ಅವರ ಪಾಂಡಿತ್ಯವನ್ನು ಹೊಗಳುತ್ತೇವೆ, ಹೊಗಳಬೇಕಾದ್ದೇ. ನನಗೆ ಜಾಸ್ತಿ ಇಷ್ಟವಾಗುವುದು ಅವರು ಗ್ರಂಥಪಾಲಕರಾಗಿದ್ದರು ಎಂಬ ಸಂಗತಿ. ತಮ್ಮ ಕಪಾಟಿನಲ್ಲಿ ಏನಿದೆ ಎಂದು ಬಿಚ್ಚಿ ನೋಡಿದರು.

ಇನ್ನು ಓಲೆಯ ಕೋಣೆ. ನಿಮ್ಮನ್ನು ಬಿಡದೇ ಇರುವುದಕ್ಕೆ ಲಿಪಿ ಕಾರಣ ಇರಲಾರದು. ಒಣಗಿದ ಗರಿ ಹಪ್ಪಳದ ಹಾಗೆ. ಗರಿಗಳನ್ನು ಪೋಣಿಸಿದ ದಾರವನ್ನು ಜೋರಾಗಿ ಎಳೆದರೆ ತೂತಿನ ಹತ್ತಿರವೇ ಸೀಳುತ್ತದೆ. ಕಂಠದಲ್ಲಿ, ಅಂದರೆ ಚೂಪು ಮೊನೆಯ ಲೋಹದ ಲೇಖನಿಯಲ್ಲಿ, ಕೊರೆದ ಅಕ್ಷರ ಕಾಣಬೇಕಾದರೆ ಮಸಿ ತುಂಬಬೇಕು, ಗರಿ ಬಾಗಬೇಕಾದರೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಬೇಕು. ಇವೆಲ್ಲ ಕಲಿತ ಕೈ ಮಾಡುವ ಕೆಲಸ. ಕಡತ ಇನ್ನೂ ನಾಜೂಕು. ಇಂದು ಆಫೀಸುಗಳಲ್ಲಿ ಕಡತ ವಿಲೇವಾರಿ ಅಂತಾರಲ್ಲ, ಆ ಮಾತಿನ ಹಿಂದಿರುವ ವಸ್ತು ಬೇರೆಯೇ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬೀಸಣಿಗೆಯಂತೆ ಮಡಿಸಿ, ಬಳಪದಲ್ಲಿ ಬರೆದದ್ದು. ಬಳಪದ ಬರಹ ಅಂದ ಮೇಲೆ ಅಳಿಸಿಹೋಗುತ್ತದೆ. ಧೂಳಿದೆ ಎಂದು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಒಂದು ಊರಿನ ಲೆಕ್ಕವೇ ಹೋಯಿತು. ನಿಮಗೆ ಹತ್ತಿರವೇ ಇದೆ, ಸಾಗರದ ಪಕ್ಕದ ಕೆಳದಿಗೆ ಹೋಗಿಬನ್ನಿ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಇತಿಹಾಸಕಾರ ಗುಂಡಾ ಜೋಯಿಸರು ಕೂಡಿಟ್ಟ ಓಲೆ, ಕಡತಗಳನ್ನು ಕಣ್ಣಾರೆ ನೋಡಿದರೆ ನಿಮ್ಮ ಗ್ರಂಥಪಾಲಕರ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ನನ್ನದೇ ಒಂದು ಅವಾಂತರ ಹೇಳುತ್ತೇನೆ. ಕಾಲೇಜು ಮುಗಿಸಿದ ಹೊಸದು. ಒಂದು ಮನೆತನದ ಅಟ್ಟದಲ್ಲಿದ್ದ ಓಲೆಕಟ್ಟುಗಳ ಪಟ್ಟಿ ಮಾಡಲು ಹಿರಿಯರೊಬ್ಬರ ಜೊತೆ ಹೋಗಿದ್ದೆ. ಒಂದು ಕಟ್ಟಿನ ಮೊದಲ ಗರಿಯಲ್ಲಿ ಮಹಾಭಾರತದ ಪದ್ಯ ಇತ್ತು. ನಾನು ಜಾಣನಲ್ವಾ, "ಭಾರತ ಕಾವ್ಯ, ಪೂರ್ಣ" ಎಂದು ಚೀಟಿ ಬರೆದು ಅಂಟಿಸಿದೆ. ಹಿರಿಯರು ಸಂಜೆ ಕಟ್ಟು ಬಿಚ್ಚಿದರು. ಕಾವ್ಯ ಒಂದಿಷ್ಟು ಗರಿ ಮಾತ್ರ. ಆಮೇಲೆ ದನಗಳ ಕಾಯಿಲೆಗೆ ಔಷಧ. ಕೊನೆಯಲ್ಲಿ ಯಾರದೋ ಭತ್ತದ ಸಾಲದ ಲೆಕ್ಕ. "ಹೊರಗಿನ ಗರಿ ನೋಡಿ ಒಳಗಿನದಕ್ಕೆಲ್ಲ ಸಹಿ ಹಾಕ್ತೀಯಲ್ಲಯ್ಯಾ" ಎಂದರು. ಆ ಚೀಟಿ ಹಾಗೇ ಉಳಿದಿದ್ದರೆ ಆ ಔಷಧಗಳನ್ನು ಹುಡುಕುವವರು ಆ ಕಟ್ಟಿನ ಹತ್ತಿರವೂ ಹೋಗುತ್ತಿರಲಿಲ್ಲ. ತಪ್ಪು ಚೀಟಿ, ಚೀಟಿ ಇಲ್ಲದ್ದಕ್ಕಿಂತ ಕೆಟ್ಟದ್ದು.

ಅದಕ್ಕೇ ಹೇಳುತ್ತೇನೆ, ಕಂಡದ್ದನ್ನು ಬರೆಯಿರಿ, ಊಹೆಯನ್ನು ಬರೆಯಬೇಡಿ. ಲಿಪಿ ಬಾರದವರೂ ಗರಿ ಎಣಿಸಬಹುದು, ಉದ್ದ ಅಗಲ ಅಳೆಯಬಹುದು, ಹುಳು ತಿಂದದ್ದನ್ನು ಗುರುತಿಸಬಹುದು. ಅದೂ ಬೇಕು. ಎಣಿಸುವಾಗ ಒಂದು ಎಚ್ಚರ. ಗರಿಯ ಎರಡು ಬದಿಗೂ ಸೇರಿ ಒಂದೇ ಸಂಖ್ಯೆ ಇರುತ್ತದೆ, ಪುಟದ ಲೆಕ್ಕ ಹಾಕಿದರೆ ದುಪ್ಪಟ್ಟಾಗುತ್ತದೆ. ಲಿಪಿ ಯಾವುದು ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದೇ ಬರೆಯಿರಿ. ಕರಾವಳಿ, ಮಲೆನಾಡಿನ ತಿಗಳಾರಿ ಲಿಪಿ ನೋಡುವುದಕ್ಕೆ ಮಲಯಾಳದ ಹಾಗೆ ಕಾಣುತ್ತದೆ, ಬಲ್ಲವರೂ ಎಡವುತ್ತಾರೆ.

ಕಾಲವೂ ಹಾಗೇ. ಬರೆದವನು ಕೊನೆಯಲ್ಲಿ "ವಿಕಾರಿ ಸಂವತ್ಸರ" ಎಂದಷ್ಟೇ ಹೇಳಿದ್ದರೆ ಅದು 1779 ಇರಬಹುದು, 1839 ಇರಬಹುದು, 1899 ಇರಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದಲ್ಲ. ಶಕ 1761 ಎಂದೂ ಇದ್ದರೆ ಮಾತ್ರ 78 ಕೂಡಿಸಿ 1839 ಎನ್ನಬಹುದು. ಇಲ್ಲದಿದ್ದರೆ ಸಂವತ್ಸರದ ಹೆಸರು ಬರೆದು ಸುಮ್ನೆ ಇರಬೇಕು. ಅಂದಹಾಗೆ ಕೊನೆಯ ಗರಿಯನ್ನು ತಪ್ಪದೆ ನೋಡಿ. ಬೆನ್ನು, ಸೊಂಟ, ಕತ್ತು ಮುರಿದುಕೊಂಡು ಕಷ್ಟದಲ್ಲಿ ಬರೆದಿದ್ದೇನೆ, ಜೋಪಾನ ಮಾಡಿ ಎಂದು ಬರೆದವನು ಬೇಡಿಕೊಳ್ಳುವ ಶ್ಲೋಕ ಅಲ್ಲಿ ಎಷ್ಟೋ ಸಲ ಸಿಗುತ್ತದೆ. ಮೂರು ತಿಂಗಳು ಬಗ್ಗಿ ಕೂತ ನಿಮಗೆ ಅದು ಬೇಗ ಅರ್ಥವಾಗುತ್ತದೆ!

ಅಚ್ಚಾದ ಪುಸ್ತಕಗಳ ಕಡೆ ನಿಮ್ಮ ಕಣ್ಣಿಗೆ ಇನ್ನೊಂದು ಕೆಲಸವಿದೆ. ಒಂದು ಕಡೆ "ಕುವೆಂಪು", ಇನ್ನೊಂದು ಕಡೆ "ಪುಟ್ಟಪ್ಪ ಕೆ.ವಿ." ಎಂದು ಬರೆದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು. ಕನ್ನಡಿಗರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಒಂದರಿಂದ ಇನ್ನೊಂದಕ್ಕೆ "ನೋಡಿ" ಎಂಬ ಚೀಟಿ ಬೇಕು. ಕಾವ್ಯನಾಮ ಇಷ್ಟಪಡುವ ನಮ್ಮ ಭಾಷೆಯಲ್ಲಿ ಇಂಥ ಜೋಡಿ ರಾಶಿ ರಾಶಿ ಇವೆ. ನೀವೇ ಒಂದು ನೋಟ್‌ಬುಕ್ ಇಟ್ಟು ಗುರುತು ಹಾಕಿ, ಗ್ರಂಥಪಾಲಕರಿಗೆ ತೋರಿಸಿ. ರಿಜಿಸ್ಟರಿನಲ್ಲಿ ಮಾತ್ರ ನೀವಾಗಿ ತಿದ್ದಬೇಡಿ.

ಆ 41 ಪುಸ್ತಕಗಳ ಮುಂದೆ "ಕಳೆದಿದೆ" ಎಂದು ಬರೆದುಬಿಟ್ಟಿದ್ದೀರಾ? ಬರೆದಿದ್ದರೆ ನಾಳೆಯೇ ಗ್ರಂಥಪಾಲಕರ ಒಪ್ಪಿಗೆ ಕೇಳಿ, ಅದನ್ನು "ಸ್ಥಳದಲ್ಲಿ ಕಾಣಲಿಲ್ಲ" ಎಂದು ಮಾಡಿಸಿ, ತಾರೀಕು ಹಾಕಿ. ಕಳೆದಿದೆ ಎಂದ ಮೇಲೆ ಯಾರೂ ಹುಡುಕುವುದಿಲ್ಲ. ಮೊದಲು ಅಕ್ಕಪಕ್ಕದ ಕಪಾಟು ನೋಡಿ, ಆಮೇಲೆ ಸಾಲಿನ ಹಿಂದೆ ಬಿದ್ದಿದೆಯಾ ಎಂದು ಕೈ ಹಾಕಿ ನೋಡಿ. ದಪ್ಪ ಬೈಂಡುಗಳನ್ನು ತೆರೆದು ನೋಡಿ. ಹಿಂದೆ ಸಣ್ಣ ಪುಸ್ತಕ ಎರಡು ಮೂರನ್ನು ಒಟ್ಟಿಗೆ ಹೊಲಿಸಿ, ಬೆನ್ನಿನ ಮೇಲೆ ಮೊದಲನೆಯದರ ಹೆಸರು ಮಾತ್ರ ಅಚ್ಚು ಹಾಕಿಸುತ್ತಿದ್ದರು. ಎಷ್ಟು ಸಿಕ್ಕವು ಎಂದು ಒಂದು ಕಾರ್ಡ್ ಬರೆಯಿರಿ.