ನಟನೆ ಕಲಿಯೋಕೆ 60 ಸಾವಿರ ಕಟ್ಟಿ ಕೋರ್ಸ್ ಸೇರಬೇಕಾ?

ನೀವು ಕೇಳಿದ್ದು ಇಷ್ಟು. ವಯಸ್ಸು 24, ಊರು ದಾವಣಗೆರೆ, ಕೆಲಸ ಬೆಂಗಳೂರಿನ ಒಂದು ಕಂಪನಿಯಲ್ಲಿ, ಶಿಫ್ಟ್ ಆಗಾಗ ಬದಲಾಗುತ್ತದೆ. ಸ್ಕೂಲ್ ಡೇ ಬಿಟ್ಟರೆ ಸ್ಟೇಜ್ ಹತ್ತಿಲ್ಲ. ಯಾರೋ ಮೂರು ತಿಂಗಳ ಆಕ್ಟಿಂಗ್ ಕೋರ್ಸಿಗೆ 60 ಸಾವಿರ ಹೇಳಿದ್ದಾರೆ. ದುಡ್ಡು ಕಟ್ಟಲಾ, ಕೆಲಸ ಬಿಡಲಾ?

ಈಗ ಎರಡೂ ಬೇಡ. ಮೊದಲು ಒಂದು ಹವ್ಯಾಸಿ ನಾಟಕ ತಂಡ ಸೇರಿ, ಒಂದು ನಾಟಕವನ್ನು ಶುರುವಿನಿಂದ ಪ್ರದರ್ಶನದವರೆಗೆ ಮುಗಿಸಿ. ಆಮೇಲೆ ನಿಮಗೇ ಗೊತ್ತಾಗುತ್ತದೆ ಕೋರ್ಸ್ ಬೇಕಾ ಅಂತ. ಎಷ್ಟೋ ಜನಕ್ಕೆ ಬೇಕಾಗಿರುವುದು ನಟನೆ ಅಲ್ಲ, ಫೇಮಸ್ ಆಗುವುದು. ಅದು ತಪ್ಪೇನಲ್ಲ, ಆದರೆ ಎರಡೂ ಬೇರೆ ಅನ್ನೋದು ಒಂದೇ ಸೀನನ್ನು ದಿನಾ ಸಂಜೆ ಮಾಡಿದ್ದೇ ಮಾಡುವಾಗ ಚೆನ್ನಾಗಿ ತಿಳಿಯುತ್ತದೆ.

ನಾನು ಹಗಲು ಆಫೀಸು, ಸಂಜೆ ರಿಹರ್ಸಲ್ ಅಂತ ಬಹಳ ವರ್ಷದಿಂದ ಇರುವವನು. ಮಧ್ಯೆ ಧಾರಾವಾಹಿಗಳಲ್ಲಿ ಡಾಕ್ಟರ್, ಇನ್ಸ್‌ಪೆಕ್ಟರ್, ಹೆಣ್ಣು ನೋಡೋಕೆ ಬರುವ ಮನೆಯವರ ಗುಂಪಿನಲ್ಲಿ ಒಬ್ಬ, ಇಂಥವು ಮಾಡಿದ್ದೇನೆ. ಸ್ಟಾರ್ ಆಗೋದು ಹೇಗೆ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಶುರು ಮಾಡೋದು ಹೇಗೆ ಅಂದರೆ ಇದೆ.

ತಂಡ ಹುಡುಕೋಕೆ ಗೂಗಲ್ ಮಾಡಬೇಡಿ, ನಾಟಕ ನೋಡೋಕೆ ಹೋಗಿ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಜೆ.ಪಿ. ನಗರದ ರಂಗಶಂಕರ, ಹನುಮಂತನಗರದ ಕೆ.ಎಚ್. ಕಲಾಸೌಧ, ಈ ಮೂರರಲ್ಲಿ ವಾರಕ್ಕೆ ಒಂದು ನಾಟಕ ಸಿಗದೇ ಇರಲ್ಲ. (ರಂಗಶಂಕರಕ್ಕೆ ಹೋಗುವುದಾದರೆ ಟ್ರಾಫಿಕ್ ಲೆಕ್ಕ ಹಾಕಿಕೊಂಡು ಹೊರಡಿ, ನಾಟಕ ಶುರುವಾದ ಮೇಲೆ ಯಾರು ಬಂದರೂ ಒಳಗೆ ಬಿಡಲ್ಲ.) ನಾಟಕ ಮುಗಿದ ಮೇಲೆ ಎಲ್ಲರನ್ನೂ ಸ್ಟೇಜಿಗೆ ಕರೆದು ಪರಿಚಯ ಮಾಡಿಸುತ್ತಾರಲ್ಲ, ಆಗ ನಿರ್ದೇಶಕರು ಯಾರು, ತಂಡ ನಡೆಸುವವರು ಯಾರು ಅಂತ ನೋಡಿಟ್ಟುಕೊಳ್ಳಿ. ಹೊರಗೆ ಬಂದಾಗ ಹೋಗಿ ನೇರವಾಗಿ ಕೇಳಿ: ‘ಸರ್, ನಿಮ್ಮ ತಂಡದಲ್ಲಿ ಕೆಲಸ ಮಾಡಬೇಕು ಅಂತಿದೆ, ಬ್ಯಾಕ್‌ಸ್ಟೇಜ್ ಆದರೂ ಪರವಾಗಿಲ್ಲ.’ ಈ ಕೊನೆಯ ಮಾತು ಬಹಳ ಮುಖ್ಯ. ಪಾತ್ರ ಕೇಳಿಕೊಂಡು ಬರುವವರು ಬೇಕಾದಷ್ಟು ಜನ ಇರುತ್ತಾರೆ. ಸೆಟ್ ಹೊರುತ್ತೇನೆ ಅನ್ನುವವರು ಯಾವ ತಂಡಕ್ಕೂ ಸಾಲುವಷ್ಟು ಸಿಕ್ಕಿಲ್ಲ.

ಬ್ಯಾಕ್‌ಸ್ಟೇಜ್ ಅಂದರೆ ಕೂಲಿ ಕೆಲಸ ಅಂದುಕೊಳ್ಳಬೇಡಿ. ಯಶ್ ಕೂಡ ಬಿ.ವಿ. ಕಾರಂತರು ಕಟ್ಟಿದ ಬೆನಕ ತಂಡದಲ್ಲಿ ಬ್ಯಾಕ್‌ಸ್ಟೇಜ್ ಕೆಲಸದಿಂದಲೇ ಶುರು ಮಾಡಿದವರು. ಪ್ರಾಪರ್ಟಿ (ನಾಟಕದಲ್ಲಿ ಬಳಸುವ ಸಾಮಾನು) ಕೊಡುತ್ತಾ ವಿಂಗ್‌ನಲ್ಲಿ, ಅಂದರೆ ಸ್ಟೇಜಿನ ಪಕ್ಕದ ಮರೆಯಲ್ಲಿ, ನಿಂತಾಗ ಅದೇ ಸೀನನ್ನು ದಿನಾ ಪಕ್ಕದಿಂದ ನೋಡುತ್ತೀರಿ. ನಿನ್ನೆ ನಗು ಬಂದ ಜಾಗದಲ್ಲಿ ಇವತ್ತು ಯಾಕೆ ಬರಲಿಲ್ಲ? ಎದುರಿನವನ ಮಾತು ಮುಗಿಯೋಕೆ ಮುಂಚೆ ಇವನು ಬಾಯಿ ಹಾಕಿದ. ಇಂಥದ್ದು ದುಡ್ಡು ಕೊಟ್ಟರೂ ಕ್ಲಾಸಿನಲ್ಲಿ ಸಿಗಲ್ಲ. ಇನ್ನೊಂದು ಲಾಭವೂ ಇದೆ. ಯಾರಿಗಾದರೂ ಹುಷಾರಿಲ್ಲದೆ ಬರದಿದ್ದ ದಿನ, ಅವರ ಮಾತು ಗೊತ್ತಿರುವುದು ನಿಮಗೆ ಮಾತ್ರ.

ಮೊದಲ ವಾರಗಳಲ್ಲಿ ಬೇಜಾರಾಗುತ್ತದೆ, ತಯಾರಾಗಿರಿ. ಎಲ್ಲರೂ ಸುತ್ತ ಕೂತು ರೀಡಿಂಗ್ ಮಾಡುತ್ತಾರೆ, ಪಾತ್ರ ಹಂಚಿಕೆಯೇ ಆಗಿರಲ್ಲ. ಇವತ್ತು ನೀವು ರಾಜ, ನಾಳೆ ಸೇವಕ, ನಾಡಿದ್ದು ಹೆಂಗಸಿನ ಪಾತ್ರ ಓದಿ ಅನ್ನುತ್ತಾರೆ. ಓದಿ. ಈ ಹಂತದಲ್ಲೇ ನಿರ್ದೇಶಕರು ಯಾರ ಕಿವಿ ಚುರುಕಾಗಿದೆ ಅಂತ ನೋಡುತ್ತಿರುತ್ತಾರೆ. ಹೌದು, ಕಿವಿ. ಹೊಸಬರೆಲ್ಲ ತಮ್ಮ ಮಾತು ಹೇಗೆ ಹೇಳಬೇಕು ಅಂತ ತಲೆಕೆಡಿಸಿಕೊಂಡು ಎದುರಿನವರ ಮಾತು ಕೇಳುವುದನ್ನೇ ಬಿಟ್ಟಿರುತ್ತಾರೆ, ತಮ್ಮ ಸರದಿ ಬಂದಾಗ ಕಂಠಪಾಠ ಒಪ್ಪಿಸುತ್ತಾರೆ. ಕೇಳಿಸಿಕೊಂಡು ಉತ್ತರ ಕೊಡುವುದು ಬಂದರೆ ಅರ್ಧ ನಟನೆ ಬಂದ ಹಾಗೆ.

ಮಾತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಮನೆಯಲ್ಲೇ ಇವತ್ತಿನಿಂದ ಶುರು ಮಾಡಬಹುದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ನಾನು ಅವನನ್ನು ನೋಡಲಿಲ್ಲ’ ಅನ್ನುವಾಗ ‘ಇಲ್ಲ’ ಅನ್ನೋದು ಕಟ್ಟಕಡೆಗೆ ಇದೆ. ಹೊಸ ನಟರ ಉಸಿರು ಮುಗಿಯುವುದೂ ಸರಿಯಾಗಿ ಅಲ್ಲೇ. ಕೊನೆಯ ಸಾಲಿನಲ್ಲಿ ಕೂತವರಿಗೆ ‘ನಾನು ಅವನನ್ನು ನೋಡ...’ ಅಷ್ಟೇ ಕೇಳುತ್ತದೆ. ನೋಡಿದನೋ, ನೋಡಲಿಲ್ಲವೋ? ಅದಕ್ಕೇ ದಿನಾ ಹದಿನೈದು ನಿಮಿಷ ಪೇಪರ್ ತೆಗೆದುಕೊಂಡು ಜೋರಾಗಿ ಓದಿ, ವಾಕ್ಯದ ಕೊನೆಯ ಅಕ್ಷರದವರೆಗೂ ಉಸಿರು ಉಳಿಸಿಕೊಳ್ಳಿ. ಕಿರುಚುವುದು ಬೇಡ. ‘ಅ’ಕಾರ ‘ಹ’ಕಾರ, ‘ಸ’ ‘ಶ’, ಮಹಾಪ್ರಾಣ ಎಲ್ಲಿ ಜಾರುತ್ತಿದೆ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಿಮ್ಮದೇ ಧ್ವನಿ ಕೇಳೋಕೆ ಮೊದಮೊದಲು ಅಸಹ್ಯ ಅನಿಸುತ್ತದೆ, ಎಲ್ಲರಿಗೂ ಹಾಗೇ.

ದಾವಣಗೆರೆ ಕಡೆ ಮಾತನ್ನು ಮಾತ್ರ ಕಳೆದುಕೊಳ್ಳಬೇಡಿ. ಗ್ರಾಂಥಿಕ ಕನ್ನಡ ಕಲಿಯಿರಿ, ಬೆಂಗಳೂರು ಕನ್ನಡವನ್ನೂ ಕಲಿಯಿರಿ, ಆದರೆ ನಿಮ್ಮೂರ ಧಾಟಿ ನಿಮಗೆ ಬಿಟ್ಟಿ ಸಿಕ್ಕಿದ್ದು, ಬೇರೆಯವರು ಅದನ್ನು ಕಷ್ಟಪಟ್ಟು ಕಲಿಯಬೇಕು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ನಿಮ್ಮದು. ಊರಿಗೆ ಹೋದಾಗ ಹತ್ತಿರದಲ್ಲಿ ಎಲ್ಲಾದರೂ ಕಂಪನಿ ನಾಟಕ ಇದ್ದರೆ ಮುಂದಿನ ಸಾಲಿನಲ್ಲಿ ಕೂತು ನೋಡಿ. ಕೂಗಾಟ ಜಾಸ್ತಿ ಅಂತ ಮೂಗು ಮುರಿಯುವವರು ಇದ್ದಾರೆ. ಆದರೆ ಜನರ ನಗು ಯಾವಾಗ ತಗ್ಗುತ್ತದೆ ಅಂತ ಕಾದು, ಸರಿಯಾಗಿ ಆ ಹೊತ್ತಿಗೆ ಮುಂದಿನ ಮಾತು ಎಸೆಯುವುದನ್ನು ಕಂಪನಿ ನಟರಷ್ಟು ಚೆನ್ನಾಗಿ ಮಾಡುವವರನ್ನು ನಾನು ಕಂಡಿಲ್ಲ.

ಇನ್ನು ಕ್ಯಾಮೆರಾ. ‘ನನಗೆ ನಾಟಕ ಬೇಡ, ಧಾರಾವಾಹಿ, ಸಿನಿಮಾ ಬೇಕು’ ಅಂತ ನೀವು ಹೇಳಬಹುದು. ಸರಿ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ, ರಂಗಾಯಣ ರಘು, ಮಂಡ್ಯ ರಮೇಶ್ ಎಲ್ಲರೂ ರಂಗಭೂಮಿಯಿಂದಲೇ ಹೋದವರು, ಇಬ್ಬರ ಹೆಸರಿನಲ್ಲೇ ಅವರ ರಂಗಸಂಸ್ಥೆ (ನೀನಾಸಂ, ರಂಗಾಯಣ) ಅಂಟಿಕೊಂಡಿದೆ. ಆದರೆ ನಾಟಕ ಮಾಡಿದವರಿಗೆ ಸೆಟ್ಟಿನಲ್ಲಿ ಎಲ್ಲ ಸಲೀಸು ಅಂತಲ್ಲ. ಧಾರಾವಾಹಿಗಳಲ್ಲಿ ಪ್ರಾಂಪ್ಟಿಂಗ್ ಅಂತ ಇರುತ್ತದೆ. ಮಾತು ಬಾಯಿಪಾಠ ಮಾಡೋಕೆ ಟೈಮೇ ಇರಲ್ಲ, ಸೀನ್ ಪೇಪರ್ ಎಷ್ಟೋ ಸಲ ಶೂಟಿಂಗ್ ಜಾಗಕ್ಕೇ ಬರುತ್ತದೆ. ಕ್ಯಾಮೆರಾ ಪಕ್ಕ ನಿಂತ ಅಸಿಸ್ಟೆಂಟ್ ಒಂದೊಂದೇ ಸಾಲು ಹೇಳುತ್ತಾ ಹೋಗುತ್ತಾರೆ, ನೀವು ಅದನ್ನು ಕಿವಿಯಲ್ಲಿ ಹಿಡಿದು ಭಾವ ಸೇರಿಸಿ ಎದುರಿನವರಿಗೆ ಹೇಳಬೇಕು, ಅದೂ ಕಣ್ಣು ಅಸಿಸ್ಟೆಂಟ್ ಕಡೆ ಹೊರಳದ ಹಾಗೆ. ನಾಟಕದವರು ಇಲ್ಲಿ ತಡವರಿಸುತ್ತಾರೆ. ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯಲ್ಲೇ ಅಭ್ಯಾಸ ಮಾಡಬಹುದು. ಜೊತೆಗೆ ಸುಮ್ನೆ ನಿಂತು ಕೇಳುವ ರಿಯಾಕ್ಷನ್ ಶಾಟ್ ಕೂಡ. ಸ್ಟೇಜಿನಲ್ಲಿ ಕೊನೆಯ ಸಾಲಿಗೆ ಕಾಣಲಿ ಅಂತ ಹುಬ್ಬು ಎತ್ತುತ್ತೀರಲ್ಲ, ಕ್ಲೋಸಪ್‌ನಲ್ಲಿ ಅದೇ ಹುಬ್ಬು ಟಿವಿಯ ಅರ್ಧಕ್ಕೆ ಬರುತ್ತದೆ.

ಆಡಿಷನ್ ವಿಡಿಯೋ ಕೇಳಿದರೆ ಖರ್ಚು ಮಾಡಬೇಡಿ. ಹಿಂದೆ ಖಾಲಿ ಗೋಡೆ, ಮುಂದೆ ಕಿಟಕಿ ಬೆಳಕು, ಫೋನನ್ನು ಎಲ್ಲಾದರೂ ಗಟ್ಟಿಯಾಗಿ ನಿಲ್ಲಿಸಿ. ಹೆಸರು, ವಯಸ್ಸು, ಎತ್ತರ, ಯಾವ ಭಾಷೆ ಬರುತ್ತದೆ ಹೇಳಿ, ಎಡ ಬಲ ತಿರುಗಿ ಮುಖ ತೋರಿಸಿ, ಆಮೇಲೆ ಒಂದು ನಿಮಿಷದ ಸೀನ್. ದಯವಿಟ್ಟು ಯಾವುದೋ ಹೀರೋನ ಹೆಸರುವಾಸಿ ಡೈಲಾಗ್ ಹೊಡೆಯಬೇಡಿ. ನೋಡುವವರಿಗೆ ಆ ಹೀರೋ ನೆನಪಾಗುತ್ತಾನೆ, ನೀವಲ್ಲ.

ದುಡ್ಡಿನ ವಿಷಯ ಚುಟುಕಾಗಿ. ಪಾತ್ರ ಕೊಡೋಕೆ ನಿಮ್ಮಿಂದ ದುಡ್ಡು ಕೇಳುವವರು ಮೋಸಗಾರರು, ಅದಕ್ಕೆ ರಿಜಿಸ್ಟ್ರೇಷನ್ ಅನ್ನಲಿ, ಪೋರ್ಟ್‌ಫೋಲಿಯೋ ಅನ್ನಲಿ, ಆರ್ಟಿಸ್ಟ್ ಕಾರ್ಡ್ ಅನ್ನಲಿ. ಕೆಲಸ ಮಾಡಿದರೆ ಅವರು ನಿಮಗೆ ಕೊಡಬೇಕು. ಇದನ್ನು ಓದುತ್ತಿರುವ ಹುಡುಗಿಯರಿಗೆ: ಆಡಿಷನ್ ಅಂತ ಹೋಟೆಲ್ ರೂಮಿಗೋ ಮನೆಗೋ ಕರೆದರೆ ಹೋಗಲೇಬೇಡಿ, ಆಫೀಸಿಗೆ ಕರೆದರೂ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಆ 60 ಸಾವಿರದ ಕೋರ್ಸಿಗೆ ವಾಪಸ್ ಬರೋಣ. ಎಲ್ಲ ಕೋರ್ಸೂ ಕೆಟ್ಟದ್ದಲ್ಲ. ಯಾರು ಪಾಠ ಮಾಡುತ್ತಾರೆ, ಅವರ ಕೆಲಸ ಎಲ್ಲಿ ನೋಡಬಹುದು, ಬ್ಯಾಚಿನಲ್ಲಿ ಎಷ್ಟು ಜನ, ಕೊನೆಗೆ ಜನರ ಮುಂದೆ ಒಂದು ನಾಟಕವೋ ಕಿರುಚಿತ್ರವೋ ಆಗುತ್ತದಾ ಅಂತ ಕೇಳಿ. ಒಂದು ಕ್ಲಾಸ್ ಸುಮ್ನೆ ಕೂತು ನೋಡಬಹುದಾ ಅಂತಲೂ ಕೇಳಿ. ‘ಚಾನ್ಸ್ ಗ್ಯಾರಂಟಿ’ ಅಂದರೆ ಎದ್ದು ಬನ್ನಿ.

ಒಂದೆರಡು ನಾಟಕ ಆದ ಮೇಲೂ ಹಸಿವು ಹಾಗೇ ಇದ್ದರೆ, ಆಗ ಪೂರ್ಣಾವಧಿ ಕಲಿಕೆಯ ಯೋಚನೆ ಮಾಡಿ. ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ, ಅಲ್ಲೇ ಉಳಿದು ಕಲಿಯಬೇಕು. ಮೈಸೂರಿನ ರಂಗಾಯಣದಲ್ಲೂ ಡಿಪ್ಲೊಮಾ ಇದೆ. ನಿಮ್ಮೂರಿಗೆ ಹತ್ತಿರ ಅಂದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆ. ಬೆಂಗಳೂರಿನಲ್ಲೇ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇದೆ. ಇವು ಯಾವುದನ್ನೂ ಕೆಲಸದ ಜೊತೆ ಮಾಡೋಕಾಗಲ್ಲ, ರಾಜೀನಾಮೆಯ ಪ್ರಶ್ನೆ ಬರುವುದು ಅಲ್ಲಿ. ಬರೀ ಕನಸಿಗೆ ಕೆಲಸ ಬಿಡುವುದಕ್ಕಿಂತ ಸೀಟು ಸಿಕ್ಕಿದ ಮೇಲೆ ಬಿಡುವುದು ವಾಸಿ, ಮನೆಯವರಿಗೆ ಹೇಳೋಕೂ ಸುಲಭ.

ಶಿಫ್ಟ್ ಬಗ್ಗೆ ಕೊನೆಯದಾಗಿ. ಹವ್ಯಾಸಿ ತಂಡಗಳ ರಿಹರ್ಸಲ್ ಸಾಮಾನ್ಯವಾಗಿ ಸಂಜೆ ಆರೂವರೆ, ಏಳಕ್ಕೆ ಶುರು, ಭಾನುವಾರ ದಿನಪೂರ್ತಿ. ತಂಡಕ್ಕೆ ಮೊದಲ ದಿನವೇ ನಿಮ್ಮ ಶಿಫ್ಟ್ ಹೀಗಿದೆ ಅಂತ ಹೇಳಿಬಿಡಿ, ಮುಚ್ಚಿಟ್ಟು ಆಮೇಲೆ ಸುಳ್ಳು ನೆಪ ಹೇಳುವವರನ್ನು ಎರಡನೇ ನಾಟಕಕ್ಕೆ ಯಾರೂ ಕರೆಯಲ್ಲ. ನಡುವೆ ಒಂದೆರಡು ದಿನ ತಪ್ಪಿದರೆ ಹೇಗೋ ಸುಧಾರಿಸುತ್ತಾರೆ. ಆದರೆ ಶೋ ಹಿಂದಿನ ವಾರದ ರನ್ ಥ್ರೂ (ಎಲ್ಲೂ ನಿಲ್ಲಿಸದೆ ಪೂರ್ತಿ ನಾಟಕ ಆಡಿ ನೋಡುವುದು), ಗ್ರ್ಯಾಂಡ್ ರಿಹರ್ಸಲ್ (ಲೈಟು, ವೇಷ ಸಮೇತ ಕೊನೆಯ ತಾಲೀಮು) ತಪ್ಪಿಸುವ ಹಾಗಿಲ್ಲ. ಶೋ ಡೇಟ್ ಗೊತ್ತಾದ ಕೂಡಲೇ ಮ್ಯಾನೇಜರ್ ಹತ್ತಿರ ಹೋಗಿ ಆ ವಾರಕ್ಕೆ ಮಾರ್ನಿಂಗ್ ಶಿಫ್ಟ್ ಹಾಕಿಸಿಕೊಳ್ಳಿ. ಟಿಕೆಟ್ ಕೊಟ್ಟು ಅವರನ್ನೂ ನಾಟಕಕ್ಕೆ ಕರೆಯಿರಿ, ಮುಂದಿನ ಸಲ ಕೇಳೋದು ಇನ್ನೂ ಸುಲಭ ಆಗುತ್ತದೆ.