ಚಂಡೀಗಢ ಹೈಕೋರ್ಟಿನ ಎರಡು ಚಾವಣಿ
ಚಂಡೀಗಢದ ಹೈಕೋರ್ಟಿಗೆ ಚಾವಣಿಯ ಮೇಲೊಂದು ಚಾವಣಿ ಏಕೆ, ಬರೀ ಶೋಕಿಗೋ ಎಂದು ಕೇಳಿದ್ದೀರಿ. ಶೋಕಿಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮೂಲ ಕಾರಣ ಬಿಸಿಲು. ಮೇಲಿನ ಕಾಂಕ್ರೀಟ್ ಕೊಡೆ ಕಾವನ್ನು ತಾನೇ ತಡೆದುಕೊಳ್ಳುತ್ತದೆ, ನಡುವಿನ ತೆರಪಿನಲ್ಲಿ ಗಾಳಿ ಆಡುತ್ತದೆ, ಕೆಳಗಿನ ಕೋಣೆಗಳಿಗೆ ನೆರಳು ಸಿಗುತ್ತದೆ.

ದೇಶವಿಭಜನೆಯಲ್ಲಿ ರಾಜಧಾನಿ ಲಾಹೋರ್ ಕೈತಪ್ಪಿದ ಮೇಲೆ ಪಂಜಾಬಿನ ಹೈಕೋರ್ಟ್ ಕೆಲಕಾಲ ಶಿಮ್ಲಾದಲ್ಲಿ ನಡೆದು, 1955ರಲ್ಲಿ ಚಂಡೀಗಢಕ್ಕೆ ಬಂತು. ಕಟ್ಟಡದ ವಿನ್ಯಾಸ ಸ್ವಿಸ್-ಫ್ರೆಂಚ್ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಅವರದು. ಹಸಿರು, ಹಳದಿ, ಕೆಂಪು ಬಣ್ಣದ ಮೂರು ಭಾರೀ ಕಂಬಗಳ ಫೋಟೊವನ್ನು ಎಲ್ಲರೂ ತೆಗೆಯುತ್ತಾರೆ. ನನಗೆ ಅವುಗಳಿಗಿಂತ ಹಿಡಿಸುವುದು ಒಳಗಿನ ಉಣ್ಣೆಯ ಚಿತ್ರಪಟಗಳು. ಅವುಗಳನ್ನು ರೂಪಿಸಿದವರೂ ಕಾರ್ಬೂಸಿಯೆ ಅವರೇ. ಅಂದಕ್ಕಷ್ಟೇ ಅಲ್ಲ: ಬೋಳು ಕಾಂಕ್ರೀಟಿನ ನಡುವೆ ವಕೀಲರ ವಾದ ಪ್ರತಿಧ್ವನಿಸಿ ಕಲಸುಮೇಲೋಗರವಾಗದಂತೆ ಆ ಉಣ್ಣೆ ಸದ್ದನ್ನು ಹೀರಿಕೊಳ್ಳುತ್ತದೆ.