ಬಡವರೂ ಮುಂದೆ ಬರುತ್ತಿರುವಾಗ ಶ್ರೀಮಂತರ ಜೊತೆಗಿನ ಅಂತರ ಯಾಕೆ ಸಮಸ್ಯೆ?

ಬಡವರ ಬದುಕು ಮೊದಲಿಗಿಂತ ಎಷ್ಟೋ ಸುಧಾರಿಸಿದೆ, ಹಾಗಿರುವಾಗ ಯಾರೋ ಕೋಟಿ ಕೋಟಿ ಮಾಡಿಕೊಂಡರೆ ಉಳಿದವರಿಗೆ ಏನು ನಷ್ಟ, ಇದು ಬರೀ ಹೊಟ್ಟೆಕಿಚ್ಚಲ್ವಾ ಅಂತ ಕೇಳಿದ್ದೀರಿ. ಅರ್ಧ ಮಾತನ್ನು ನಾನು ಒಪ್ಪುತ್ತೇನೆ. ಉಳಿದರ್ಧಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ಮೊದಲು ಒಪ್ಪುವ ಮಾತು. ವಿಶ್ವ ಬ್ಯಾಂಕಿನ ಲೆಕ್ಕದಲ್ಲಿ 1990ರ ಹೊತ್ತಿಗೆ ಜಗತ್ತಿನ ಮೂರು ಜನರಲ್ಲಿ ಒಬ್ಬರಿಗಿಂತ ಜಾಸ್ತಿ ಕಡುಬಡತನದಲ್ಲಿದ್ದರು. 2019ಕ್ಕೆ ಅದು ಹತ್ತರಲ್ಲಿ ಒಬ್ಬರ ಆಸುಪಾಸಿಗೆ ಇಳಿದಿತ್ತು. ಇದು ಸಣ್ಣ ವಿಷಯ ಅಲ್ಲ. ಚೀನಾದಲ್ಲಿ 1978ರ ನಂತರ ಅಂತರವೂ ಬೆಳೆಯಿತು, ಕೋಟಿಗಟ್ಟಲೆ ಜನ ಬಡತನದಿಂದ ಹೊರಗೂ ಬಂದರು. ಎರಡೂ ಒಟ್ಟಿಗೇ ನಡೆದವು. ಇನ್ನೊಂದು ಕಡೆ, ಸೋವಿಯತ್ ಸರ್ಕಾರ ಉಳ್ಳ ರೈತರನ್ನು ಮುಗಿಸಿ ಹೊಲಗಳನ್ನೆಲ್ಲ ಸಾಮೂಹಿಕ ಮಾಡಲು ಹೊರಟಾಗ 1932-33ರಲ್ಲಿ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಹಾಗಾಗಿ ಎಲ್ಲರನ್ನೂ ಒಂದೇ ಅಳತೆಗೆ ತರಬೇಕು ಅನ್ನುವವನು ನಾನಲ್ಲ. ಜಾಸ್ತಿ ದುಡಿದವರಿಗೆ, ಹೊಸದನ್ನು ಕಟ್ಟಿದವರಿಗೆ ಜಾಸ್ತಿ ಸಿಗಲಿ.

ನನ್ನ ತಕರಾರು ಬೇರೆ. ದುಡ್ಡಿನ ಅಂತರ ದುಡ್ಡಿನಲ್ಲೇ ನಿಲ್ಲುವುದಿಲ್ಲ. ಒಬ್ಬ ಮನುಷ್ಯ ಬದುಕಿನಲ್ಲಿ ಎಷ್ಟು ಸಲ ಎಡವಬಹುದು ಅನ್ನುವುದನ್ನೂ ಅದೇ ನಿರ್ಧರಿಸಿಬಿಡುತ್ತದೆ.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಒಬ್ಬ ಗೆಳೆಯನಿದ್ದ. ಲೆಕ್ಕದಲ್ಲಿ ನನಗಿಂತ ತುಂಬಾ ಮುಂದೆ. ಅವನು ನೋಟ್‌ಬುಕ್ಕಿನಲ್ಲಿ ಮೊದಲು ಪೆನ್ಸಿಲಿನಿಂದ ತೆಳುವಾಗಿ ಬರೆಯುತ್ತಿದ್ದ. ಪುಸ್ತಕ ತುಂಬಿದ ಮೇಲೆ ಮತ್ತೆ ಮೊದಲ ಪುಟದಿಂದ, ಅದೇ ಸಾಲುಗಳ ಮೇಲೆ, ಪೆನ್ನಿನಿಂದ ಬರೆಯುತ್ತಿದ್ದ. ಒಂದು ನೋಟ್‌ಬುಕ್ ಎರಡು ಸಲ ಬಳಕೆಯಾಗಬೇಕಿತ್ತು. ಒಮ್ಮೆ ಅದನ್ನು ಎರವಲು ತಂದು ಓದಲು ಕೂತಾಗ ಕಣ್ಣು ನೋಯುವಷ್ಟು ಗೋಜಲು. ಅವನಿಗೆ ಮಾತ್ರ ಯಾವ ಸಾಲು ಎಲ್ಲಿದೆ ಅಂತ ಗೊತ್ತಿತ್ತು.

ಪ್ರವೇಶ ಪರೀಕ್ಷೆಯ ದಿನ ಅವನಿಗೆ ವಿಪರೀತ ಜ್ವರ. ಅರ್ಧಕ್ಕೇ ಎದ್ದು ಬಂದ. ನನಗೆ ಜ್ವರವೂ ಇರಲಿಲ್ಲ, ಸುಮ್ನೆ ಸರಿಯಾಗಿ ಓದಿರಲಿಲ್ಲ. ಇಬ್ಬರಿಗೂ ಸೀಟು ಸಿಗಲಿಲ್ಲ. ನಮ್ಮಪ್ಪ ಒಂದು ದಿನ ಬೈದರು, ಮರುದಿನ ಕೋಚಿಂಗಿಗೆ ಸೇರಿಸಿದರು. ನನಗೆ ಇನ್ನೊಂದು ವರ್ಷ ಸಿಕ್ಕಿತು. ಅವನು ಮುಂದಿನ ತಿಂಗಳೇ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋದ. ಅವನ ಮನೆಯಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಒಂದು ವರ್ಷ ಕಾಯುವಷ್ಟು ದುಡ್ಡು ಇರಲಿಲ್ಲ, ಅಷ್ಟೇ. ಅವನು ಹಸಿದಿರಲಿಲ್ಲ. ಅವರಪ್ಪನಿಗಿಂತ ಚೆನ್ನಾಗಿಯೇ ಇದ್ದ. ನಿಮ್ಮ ಲೆಕ್ಕದಲ್ಲಿ ಅವನು ಸುಧಾರಿಸಿದ ಬಡವ. ಆದರೆ ಅವನಿಗಿದ್ದದ್ದು ಒಂದೇ ಅವಕಾಶ, ನನಗೆ ಎರಡು. ಹೆಚ್ಚಿನ ಆ ಒಂದನ್ನು ನಾನು ದುಡಿದು ಗಳಿಸಿದ್ದಲ್ಲ.

ಇದು ನನ್ನೊಬ್ಬನ ಅನುಭವ ಮಾತ್ರ ಅಲ್ಲ. ಹೆಚ್ಚಾಗಿ ಶ್ರೀಮಂತ ದೇಶಗಳೇ ಸದಸ್ಯರಾಗಿರುವ ಒಇಸಿಡಿ ಅನ್ನುವ ಆರ್ಥಿಕ ಸಂಘಟನೆ 2018ರಲ್ಲಿ ಒಂದು ಅಂದಾಜು ಮಾಡಿತ್ತು. ಕಡಿಮೆ ಆದಾಯದ ಮನೆಯಲ್ಲಿ ಹುಟ್ಟಿದವರ ಸಂತತಿ ದೇಶದ ಸರಾಸರಿ ಆದಾಯ ಮುಟ್ಟಲು ಡೆನ್ಮಾರ್ಕಿನಲ್ಲಿ ಎರಡು ತಲೆಮಾರು ಸಾಕು. ಸದಸ್ಯ ದೇಶಗಳ ಸರಾಸರಿ ನಾಲ್ಕೈದು ತಲೆಮಾರು. ಕೊಲಂಬಿಯಾದಲ್ಲಿ ಹನ್ನೊಂದು! ಅಂತರ ಜಾಸ್ತಿ ಇರುವ ದೇಶಗಳಲ್ಲಿ ಅಪ್ಪನ ಜೇಬು ನೋಡಿ ಮಗನ ಭವಿಷ್ಯ ಹೇಳುವುದು ಸುಲಭ. ಏಣಿಯ ಮೆಟ್ಟಿಲುಗಳ ನಡುವೆ ದೂರ ಜಾಸ್ತಿಯಾದಷ್ಟೂ ಹತ್ತುವವರು ಕಡಿಮೆಯಾಗುತ್ತಾರೆ, ಅಲ್ವಾ?

"ಉಳಿದವರಿಗೆ ಏನು ನಷ್ಟ" ಅಂತ ಕೇಳಿದಿರಲ್ಲ, ಅದಕ್ಕೆ ನೇರವಾದ ಉತ್ತರ ಇಲ್ಲಿದೆ. ಎಷ್ಟು ಬೇಕಾದರೂ ತಯಾರಿಸಬಹುದಾದ ವಸ್ತುಗಳಿವೆ. ಮೊಬೈಲ್, ಬಟ್ಟೆ ಇಂಥವು. ಶ್ರೀಮಂತರು ಹತ್ತು ಕೊಂಡರೂ ನಮಗೆ ಸಿಗುತ್ತವೆ. ಆದರೆ ಒಳ್ಳೆಯ ಶಾಲೆಯ ಸೀಟು, ಕೆಲಸಕ್ಕೆ ಹತ್ತಿರದ ಜಾಗ ಇಂಥವು ಎಣಿಸಿದಷ್ಟೇ ಇರುತ್ತವೆ. ಅಲ್ಲಿ ಹರಾಜು ನಡೆಯುತ್ತದೆ. ನಿಮ್ಮ ಸಂಬಳ ಸ್ವಲ್ಪ ಏರಿ, ಪಕ್ಕದವರದು ಹತ್ತು ಪಟ್ಟು ಏರಿದರೆ, ಆ ಹರಾಜಿನಲ್ಲಿ ನೀವು ಹಿಂದಕ್ಕೇ ಹೋಗುತ್ತೀರಿ. ನಿಮ್ಮ ಜೇಬಿನಿಂದ ಯಾರೂ ಕದ್ದಿರುವುದಿಲ್ಲ. ಆದರೂ ಊರಿನ ಅಂಚಿಗೆ ಮನೆ ಬದಲಾಯಿಸುವವರು ನೀವೇ.

ಆಸ್ತಿಯ ಕಥೆ ಇನ್ನೂ ಗಟ್ಟಿ. ಒಂದೇ ಸಂಬಳದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರಿಗೆ ಅಪ್ಪ ಬಿಟ್ಟುಹೋದ ಎರಡು ಮನೆ ಇದೆ, ಇನ್ನೊಬ್ಬರು ಅದರಲ್ಲೊಂದರ ಬಾಡಿಗೆದಾರರು. ಒಬ್ಬರ ಖರ್ಚೇ ಇನ್ನೊಬ್ಬರ ಆದಾಯ. ಉಳಿದ ದುಡ್ಡು ವರ್ಷಕ್ಕೆ ಶೇಕಡಾ 5ರಂತೆ ಬೆಳೆದರೂ ಹದಿನಾಲ್ಕು ಹದಿನೈದು ವರ್ಷಕ್ಕೆ ಎರಡರಷ್ಟು. ಉಳಿಯದವರಿಗೆ ಬೆಳೆಯಲು ಬೀಜವೇ ಇಲ್ಲ. 2022ರ ಜಾಗತಿಕ ಅಸಮಾನತೆ ವರದಿಯ ಪ್ರಕಾರ ಮೇಲಿನ ಶೇಕಡಾ 10 ಜನರ ಕೈಯಲ್ಲಿ ಜಗತ್ತಿನ ಆಸ್ತಿಯ ಸುಮಾರು ಶೇಕಡಾ 76 ಇದೆ. ಕೆಳಗಿನ ಅರ್ಧ ಜನರಿಗೆ ಶೇಕಡಾ 2. ಇಷ್ಟೂ ಬರೀ ಬೆವರಿನ ವ್ಯತ್ಯಾಸ ಅಂತ ನಂಬಲು ನನ್ನಿಂದ ಆಗುವುದಿಲ್ಲ.

ಇನ್ನು ಆಯಸ್ಸು. ಬ್ರಿಟನ್ನಿನಲ್ಲಿ 1967ರಲ್ಲಿ ಸರ್ಕಾರಿ ನೌಕರರ ಮೇಲೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ವೈಟ್‌ಹಾಲ್ ಅಧ್ಯಯನ ಅಂತ ಅದರ ಹೆಸರು. ನನ್ನನ್ನು ಬಹಳ ಕಾಡಿದ್ದು ಇದೇ. ಅದರಲ್ಲಿದ್ದ ಯಾರೂ ಹೊಟ್ಟೆಗಿಲ್ಲದವರಲ್ಲ. ಎಲ್ಲರಿಗೂ ಕಾಯಂ ಕೆಲಸ, ಎಲ್ಲರಿಗೂ ಸರ್ಕಾರದ ಉಚಿತ ಚಿಕಿತ್ಸೆ. ಆದರೂ ಕೆಳದರ್ಜೆಯವರು ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು. ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿದರೂ ವ್ಯತ್ಯಾಸ ಪೂರ್ತಿ ಕರಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಒಂದು ದರ್ಜೆ ಕೆಳಗಿದ್ದರೆ ಸ್ವಲ್ಪ ಜಾಸ್ತಿ ಅಪಾಯ. ಅಮೆರಿಕದಲ್ಲಂತೂ ಅತಿ ಶ್ರೀಮಂತ ಶೇಕಡಾ 1 ಗಂಡಸರು ಅತಿ ಬಡ ಶೇಕಡಾ 1 ಗಂಡಸರಿಗಿಂತ ಸುಮಾರು 15 ವರ್ಷ ಜಾಸ್ತಿ ಬದುಕುತ್ತಾರೆ ಅಂತ 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹದಿನೈದು ವರ್ಷ ಅಂದರೆ ಒಂದು ಮೊಮ್ಮಗು ಹುಟ್ಟಿ ಹೈಸ್ಕೂಲು ಸೇರುವಷ್ಟು ಕಾಲ.

ದುಡ್ಡು ಚುನಾವಣೆಗೆ, ಪತ್ರಿಕೆಗಳಿಗೆ, ಕಾನೂನು ಬರೆಯುವ ಕೋಣೆಗೆ ನುಗ್ಗುವುದು ನಿಮಗೂ ಗೊತ್ತಿರುವುದೇ, ಉದ್ದ ಬರೆಯುವುದಿಲ್ಲ. ಅಂತರವನ್ನು ಕಡಿಮೆ ಮಾಡಬೇಕಾದ ತೆರಿಗೆಯ ನಿಯಮಗಳೂ ಅದೇ ಕೋಣೆಯಲ್ಲಿ ಬರೆಯಲ್ಪಡುತ್ತವೆ ಅನ್ನುವುದಷ್ಟೇ ನನ್ನ ಚಿಂತೆ.

ಹೊಟ್ಟೆಕಿಚ್ಚಿನ ಮಾತಿಗೆ ಬರುತ್ತೇನೆ. ಈಗ ನಾನು ಮೇಜಿನ ಈಚೆ ಬದಿಯಲ್ಲಿದ್ದೇನೆ. ಹೊಸಬರನ್ನು ಕೆಲಸಕ್ಕೆ ಆರಿಸುವ ಸಮಿತಿಯಲ್ಲಿ ಮೂರು ವರ್ಷದಿಂದ ಕೂರುತ್ತಿದ್ದೇನೆ. ನಮ್ಮ ಅಂಕಪಟ್ಟಿಯಲ್ಲಿ ಇಂಟರ್ನ್‌ಶಿಪ್‌ಗೆ ಹತ್ತು ಅಂಕ ಇತ್ತು. ಒಂದು ದಿನ ಒಬ್ಬ ಹುಡುಗಿ ಬಂದಳು. ಕೊಟ್ಟ ಲೆಕ್ಕವನ್ನು ಎಲ್ಲರಿಗಿಂತ ಬೇಗ ಬಿಡಿಸಿದಳು. ಇಂಟರ್ನ್‌ಶಿಪ್ ಯಾಕೆ ಮಾಡಲಿಲ್ಲ ಅಂತ ಕೇಳಿದಾಗ, "ಆರು ತಿಂಗಳು ಸಂಬಳ ಇಲ್ಲ ಅಂದ್ರು ಸರ್" ಅಂದಳು. ಆಮೇಲೆ ಕೈಯಲ್ಲಿದ್ದ ಫೈಲನ್ನು ನೇರ ಮಾಡಿಕೊಂಡಳು. ಅಲ್ಲಿ ಹತ್ತಕ್ಕೆ ಸೊನ್ನೆ. ಎರಡು ಅಂಕದಿಂದ ಕೆಲಸ ತಪ್ಪಿತು. ಸಿಕ್ಕವನೂ ಒಳ್ಳೆಯ ಹುಡುಗನೇ. ಅವನು ಆರು ತಿಂಗಳು ಮನೆಯ ಖರ್ಚಿನಲ್ಲಿ ದುಡಿದಿದ್ದ.

ಆ ರಾತ್ರಿ ನನಗೆ ಪೆನ್ಸಿಲಿನ ಮೇಲೆ ಪೆನ್ನಿನಲ್ಲಿ ಬರೆದ ಪುಟಗಳೇ ಕಣ್ಣ ಮುಂದೆ. ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಸಿಟ್ಟಿದೆ, ಅದರಲ್ಲಿ ಸ್ವಲ್ಪ ನನ್ನ ಮೇಲೂ ಇದೆ. ಆ ಹತ್ತು ಅಂಕ ತೆಗೆಯಬೇಕು ಅಂತ ಸಮಿತಿಗೆ ಬರೆದು ಕೊಟ್ಟಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಒಪ್ಪಿಲ್ಲ. ಮುಂದಿನ ಸುತ್ತಿನ ಅರ್ಜಿಗಳು ತೆರೆಯುವ ಮೊದಲು ಅವರ ಜೊತೆ ಇನ್ನೊಮ್ಮೆ ಕೂತು ಮಾತಾಡಬೇಕು.